ರೆಕಾರ್ಡಿಂಗ್ ಯಾರ ಕೈಯಲ್ಲಿ ಉಳಿಯಿತು?

ಟೀವಿಯಲ್ಲಿ ಬಂದ ಕಾರ್ಯಕ್ರಮವೊಂದನ್ನು ಹಿಡಿದಿಟ್ಟುಕೊಳ್ಳಬೇಕು ಎಂದರೆ 2008ರ ಹೊತ್ತಿಗೆ ಹೊಸಪೇಟೆಯಂಥ ಊರಿನ ಮನೆಗೆ ಎರಡು ದಾರಿಗಳಿದ್ದವು. ಕಂಪ್ಯೂಟರಿಗೆ ಟೀವಿ ಟ್ಯೂನರ್ ಕಾರ್ಡ್ ಹಾಕಿಸಿ, ಕೇಬಲ್ಲಿನವರ ವೈರನ್ನು ನೇರ ಅದಕ್ಕೇ ಸಿಕ್ಕಿಸಿ ರೆಕಾರ್ಡ್ ಮಾಡುವುದು ಒಂದು ದಾರಿ. ಒಳಗೇ ಹಾರ್ಡ್‌ಡಿಸ್ಕ್ ಇರುವ ಸೆಟ್‌ಟಾಪ್ ಬಾಕ್ಸ್ ತಂದು ರಿಮೋಟಿನ ಗುಂಡಿ ಒತ್ತಿ ಸುಮ್ಮನಾಗುವುದು ಇನ್ನೊಂದು. ಜನ ಇವೆರಡನ್ನೂ ಬೆಲೆ, ಅನುಕೂಲ, ಚಿತ್ರದ ಸ್ಪಷ್ಟತೆ ಎಂಬ ಮೂರು ಅಳತೆಗಳಿಂದ ತೂಗಿ ನೋಡಿದರು. ಆ ಅಳತೆಗಳಲ್ಲಿ ತಪ್ಪೇನಿಲ್ಲ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸುತ್ತಿನ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ಕೇಳಿದರೆ ನಾಲ್ಕನೆಯ ಅಳತೆಯೊಂದು ಎದ್ದು ನಿಲ್ಲುತ್ತದೆ: ಹಿಡಿದಿಟ್ಟದ್ದು ಯಂತ್ರ ಬಿಟ್ಟು ಹೊರಗೆ ಬರಬಲ್ಲದೇ? ಮತ್ತೊಂದು ಕೈಗೆ, ಮತ್ತೊಂದು ಊರಿಗೆ, ಮುಂದಿನ ತಲೆಮಾರಿಗೆ ದಾಟಬಲ್ಲದೇ? ಬೇರೆಲ್ಲ ಅಳತೆಗಳಿಗಿಂತ ಇದೇ ಮುಖ್ಯವಾಗಬೇಕಿತ್ತು ಎಂಬುದು ಈ ಬರಹದ ವಾದ. ಈ ಸೀಮೆಯ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಉಳಿದು ಬಂದದ್ದು ಪ್ರತಿಯೊಂದು ಇಲ್ಲಿಂದ ಹೊರಗೆ ಹೋಗಿತ್ತು ಎಂಬ ಕಾರಣಕ್ಕೆ.

ವಿಜಯನಗರದ ಪೇಟೆ ಬೀದಿಗಳಲ್ಲಿ ಏನೇನು ಮಾರುತ್ತಿದ್ದರು, ಮಹಾನವಮಿಯ ದಿನಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನು ನಾವು ಓದುವುದು ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಎಂಬ ಇಬ್ಬರು ಪೋರ್ಚುಗೀಸರ ಬರಹಗಳಲ್ಲಿ. ಪಾಯೆಸ್ ಬಂದದ್ದು 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ. ನೂನಿಜ್ ಅವನಿಗಿಂತ ಒಂದೂವರೆ ದಶಕ ತಡವಾಗಿ. 1565ರ ಯುದ್ಧದ ನಂತರ ನಗರ ಹಾಳಾಯಿತು. ಅಲ್ಲಿಂದ ಹೊರಗೆ ಹೋಗಿದ್ದ ಆ ಬರಹಗಳ ಪ್ರತಿ ಮಾತ್ರ ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿ ಉಳಿದಿತ್ತು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮದ್ರಾಸ್ ಸರ್ಕಾರದ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಹಂಪಿಯ ಹಳೆಯ ಫೋಟೋಗಳ ಕಥೆಯೂ ಹೀಗೆಯೇ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ತಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಈ ಗುಡಿಗಳನ್ನು, ಮಂಟಪಗಳನ್ನು ಸೆರೆಹಿಡಿದ. ಅವು ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದವು. 1980ರ ಸುಮಾರಿಗೆ ಬೆಳಕಿಗೆ ಬಂದ ಮೇಲೆ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರ ಸವೆಯಿತು ಎಂದು ಬೆರಳಿಟ್ಟು ತೋರಿಸಬಹುದು.

ಪ್ರತಿ ಹೊರಗೆ ಹೋಗಿ ಮತ್ತೆ ಊರಿಗೇ ಮರಳಿ ಬಂದ ನಿದರ್ಶನವೂ ಇಲ್ಲಿದೆ, ಮತ್ತು ನನಗೆ ಅದು ಎಲ್ಲಕ್ಕಿಂತ ಹತ್ತಿರದ್ದು. ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಯ ಸರ್ವೆ ಮಾಡಿದ. ಅವನ ಸಹಾಯಕರು ಊರೂರಿನ ಶಾನುಭೋಗರಿಂದ, ಹಿರಿಯರಿಂದ ಕೇಳಿ ಬರೆಸಿಕೊಂಡ ಕೈಫಿಯತ್ತುಗಳು ಮದರಾಸಿನ ಸಂಗ್ರಹಾಲಯ ಸೇರಿದವು. ಅವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿದರು, 1994ರಲ್ಲಿ ಪ್ರಕಟಿಸಿದ್ದು 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಇನ್ನು ಕಂಪ್ಲಿಯ ಮಾತು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯದ ಎದುರು ಕಂಪಿಲರಾಯನ ರಾಜ್ಯ ಮುಳುಗಿತು. ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಆ ಕಥೆಯನ್ನು ಬರೆದ. ಆದರೆ ಕಂಪಿಲನ ಮಗ ಕುಮಾರರಾಮನನ್ನು ಜನಮನದಲ್ಲಿ ಬದುಕಿಸಿದ್ದು ಬಾಯಿಂದ ಬಾಯಿಗೆ ಹರಿದ ಹಾಡು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ. ಬುಡ್ಗ ಜಂಗಮ ಸಮುದಾಯದ ಈ ತಾಯಿಗೆ ಕುಮಾರರಾಮನ ಕಥೆ ಸೇರಿದಂತೆ ಹನ್ನೆರಡು ಕಾವ್ಯಗಳು ಬಾಯಿಗೆ ಬರುತ್ತಿದ್ದವು. ಬರಹಕ್ಕಿಳಿಸಿದರೆ ಅವು 7000 ಪುಟಗಳನ್ನು ಮೀರುತ್ತವೆ. ಅವರು ತೀರಿಕೊಂಡದ್ದು 2014ರ ಆಗಸ್ಟ್ 12ರಂದು. ಅಷ್ಟರೊಳಗೆ ಅವರ ಹಾಡುಗಳು ಟೇಪಿಗೆ ಇಳಿದು, ಟೇಪಿನಿಂದ ಹಾಳೆಗೆ ಬಂದು, ಹಾಳೆಯಿಂದ ಅಚ್ಚಿಗೆ ಹೋಗಿದ್ದವು. ಟೇಪ್‌ರೆಕಾರ್ಡರ್ ಎಂಬ ಯಂತ್ರ ತಾನು ಕೇಳಿದ್ದನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಆ ಮೂರು ಹೆಜ್ಜೆಗಳಲ್ಲಿ ಮೊದಲನೆಯದರಲ್ಲೇ ಎಲ್ಲ ನಿಂತುಬಿಡುತ್ತಿತ್ತು.

ಟೀವಿ ಈ ಸೀಮೆಗೆ ಬಂದ ಬಗೆಯಲ್ಲೇ ಮರೆವಿನ ಬೀಜವಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗ, ಜನ ‘ಸೈಟ್’ ಎಂದು ಕರೆದದ್ದು, ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ತೋರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಹಂಪಿಯ ಎದುರಿನ ಆನೆಗೊಂದಿ ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ಅಂದರೆ ಹೊಳೆಯ ಆಚೆ ದಂಡೆಯ ಜಿಲ್ಲೆಗೆ ಟೀವಿ ಬಂತು, ಈಚೆ ದಂಡೆಯ ಬಳ್ಳಾರಿ ಜಿಲ್ಲೆಗೆ ಬರಲಿಲ್ಲ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ನೋಡಿದ ಹಳ್ಳಿಯವರ ಕೈಯಲ್ಲಿ ಏನನ್ನೂ ಹಿಡಿದಿಡುವ ಸಾಧನವಿರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. 1984ರ ನಂತರ ದೇಶದ ತುಂಬ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದು ನಿಂತವು. ಅವುಗಳಲ್ಲಿ ಬಹುಪಾಲು ಮೊದಲ ವರ್ಷಗಳಲ್ಲಿ ದಾಟಿಸಿದ್ದು ದೆಹಲಿಯ ಕಾರ್ಯಕ್ರಮಗಳನ್ನು. ದೂರದರ್ಶನಕ್ಕೂ ಟೇಪು ತುಟ್ಟಿಯ ವಸ್ತುವಾಗಿತ್ತು. ಹಳೆಯದನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ತುಂಬುವುದು ರೂಢಿಯಾಗಿತ್ತು. ಬಿಬಿಸಿಯಂಥ ಸಂಸ್ಥೆಯೇ ‘ಡಾಕ್ಟರ್ ಹೂ’ ಧಾರಾವಾಹಿಯ ಹತ್ತಾರು ಕಂತುಗಳನ್ನು ಹೀಗೆ ಕಳೆದುಕೊಂಡಿತು. ಆ ಕಂತುಗಳ ಧ್ವನಿಯಾದರೂ ಇಂದು ಕೇಳಲು ಸಿಗುತ್ತಿರುವುದು ಮನೆಯಲ್ಲಿ ಕೂತು ಟೀವಿಯಿಂದ ಟೇಪ್ ಮಾಡಿಕೊಂಡ ನೋಡುಗರಿಂದ. ಪ್ರಸಾರ ಮಾಡಿದವರೇ ಕಾಪಾಡುತ್ತಾರೆ ಎಂಬ ನಂಬಿಕೆಯನ್ನು ಈ ಒಂದು ಉದಾಹರಣೆ ಸಾಕಷ್ಟು ಅಲುಗಿಸುತ್ತದೆ.

ಆದರೆ ನಮ್ಮ ಊರುಗಳಲ್ಲಿ ಮನೆಯ ರೆಕಾರ್ಡಿಂಗ್ ಬೇರೂರಲಿಲ್ಲ, ಮತ್ತು ಅದಕ್ಕೆ ಯಂತ್ರದ ಕಾರಣವೇ ಇತ್ತು. ಎಂಬತ್ತರ ದಶಕದಲ್ಲಿ ಇಲ್ಲಿ ವೀಡಿಯೊ ಎಂದರೆ ಬಾಡಿಗೆಗೆ ತಂದ ಟೀವಿ, ಬಾಡಿಗೆಗೆ ತಂದ ವಿಸಿಪಿ, ಒಂದೇ ರಾತ್ರಿ ಮೂರು ಸಿನಿಮಾ. ವಿಸಿಪಿ ಕ್ಯಾಸೆಟ್ ಓಡಿಸುತ್ತಿತ್ತು, ಬರೆದುಕೊಳ್ಳುತ್ತಿರಲಿಲ್ಲ. ಬರೆದುಕೊಳ್ಳಬಲ್ಲ ವಿಸಿಆರ್ ಬೆಲೆ ಹೆಚ್ಚು. ಅದನ್ನು ಇಟ್ಟುಕೊಂಡಿದ್ದವರು ಉಳ್ಳವರು, ಇಲ್ಲವೇ ಮದುವೆ ವೀಡಿಯೊ ತೆಗೆಯುವ ಸ್ಟುಡಿಯೊದವರು. ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈವರೆಗೆ ಭಾನುವಾರಗಳಂದು 78 ಕಂತುಗಳಲ್ಲಿ ಬಂತು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ನಾಲ್ಕೈದು ಕಂತುಗಳಷ್ಟೇ ಹಿಡಿಯುತ್ತವೆ. ಇಡೀ ಧಾರಾವಾಹಿಗೆ ಹದಿನೈದಕ್ಕೂ ಹೆಚ್ಚು ಕ್ಯಾಸೆಟ್ ಬೇಕು. ಅದರ ಮೇಲೆ ಕರೆಂಟಿನ ಕಾಟ. ಟೈಮರ್ ಇಟ್ಟು ಹೊರಗೆ ಹೋದರೆ, ನಡುವೆ ಒಂದು ಕ್ಷಣ ಕರೆಂಟು ಹೋಗಿ ಬಂದರೂ ಸಾಕು, ಬ್ಯಾಟರಿ ಇಲ್ಲದ ವಿಸಿಆರ್‌ನ ಗಡಿಯಾರ ಹನ್ನೆರಡಕ್ಕೆ ಬಂದು ಮಿನುಗುತ್ತ ನಿಲ್ಲುತ್ತಿತ್ತು. ಟೈಮರ್ ಅಲ್ಲಿಗೇ ಮುಗಿಯಿತು. ತುಂಗಭದ್ರಾ (ಟಿ.ಬಿ.) ಡ್ಯಾಮಿನ ನೆರಳಿನಲ್ಲಿ, ಅದರ ಬುಡದ ವಿದ್ಯುದಾಗಾರದ ಪಕ್ಕದಲ್ಲೇ ಇದ್ದ ಊರುಗಳಿಗೂ ಲೋಡ್‌ಶೆಡ್ಡಿಂಗ್ ತಪ್ಪಿರಲಿಲ್ಲ.

ಇಷ್ಟೆಲ್ಲ ಕುಂದುಗಳಿದ್ದರೂ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಒಂದು ಗುಣವಿತ್ತು. ಅದರ ಬೆನ್ನಿನ ಅಂಚಿನಲ್ಲಿ ಎಡಮೂಲೆಗೆ ಚಿಕ್ಕದೊಂದು ಪ್ಲಾಸ್ಟಿಕ್ ನಾಲಗೆ ಇರುತ್ತದೆ. ಅದನ್ನು ಉಗುರಿನಿಂದ ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಯಾವ ಯಂತ್ರವೂ ಮತ್ತೆ ಬರೆಯಲು ಒಪ್ಪುವುದಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಒಂದು ತುಂಡು ಟೇಪ್ ಅಂಟಿಸಿದರಾಯಿತು. ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು ಎಂಬ ತೀರ್ಮಾನ ಮನೆಯವರ ಬೆರಳಿನಲ್ಲಿತ್ತು. ಕ್ಯಾಸೆಟ್ ಯಂತ್ರದಿಂದ ಹೊರಗೆ ಬರುತ್ತಿತ್ತು. ಹೊಸಪೇಟೆಯಲ್ಲಿ ತುಂಬಿದ್ದು ಕಂಪ್ಲಿಯ ಬೀಗರ ಮನೆಯ ಯಂತ್ರದಲ್ಲೂ ಓಡುತ್ತಿತ್ತು. ಅಮೆರಿಕದ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 1970ರ ದಶಕದ ಕೊನೆಯಿಂದ 2012ರಲ್ಲಿ ಸಾಯುವವರೆಗೆ ಮನೆಯಲ್ಲಿ ಹಲವು ವಿಸಿಆರ್‌ಗಳನ್ನು ಒಟ್ಟಿಗೆ ಓಡಿಸಿ ಟೀವಿ ಸುದ್ದಿಯನ್ನು ಹಗಲಿರುಳು ತುಂಬಿಟ್ಟರು. ಸುಮಾರು 70,000 ಕ್ಯಾಸೆಟ್‌ಗಳ ಆ ರಾಶಿ ಇಂದು ಸಾರ್ವಜನಿಕ ಸಂಗ್ರಹಕ್ಕೆ ಸೇರಿದೆ. ನನ್ನ ವಾದಕ್ಕೆ ಮೊದಲ ಆಕ್ಷೇಪ ಹುಟ್ಟುವುದೂ ಇಲ್ಲಿಂದಲೇ: ಇಷ್ಟು ದೊಡ್ಡ ಮನೆ ಸಂಗ್ರಹ ಕಂಪ್ಯೂಟರಿನಿಂದ ಬರಲಿಲ್ಲ, ಟೀವಿಯ ಪಕ್ಕ ಕೂತ ಸ್ವತಂತ್ರ ಯಂತ್ರದಿಂದ ಬಂತಲ್ಲ? ನಿಜ. ವಿಸಿಆರ್ ಸ್ವತಂತ್ರ ಯಂತ್ರವೇ. ಆದರೆ ಅದರ ಕ್ಯಾಸೆಟ್ಟಿಗೆ ಯಂತ್ರದ ಹಂಗಿರಲಿಲ್ಲ. 2008ರಲ್ಲಿ ಬಂದ ಹಾರ್ಡ್‌ಡಿಸ್ಕ್ ಪೆಟ್ಟಿಗೆಯನ್ನೂ ಅದನ್ನೂ ‘ಬೇರೆ ರೆಕಾರ್ಡರ್’ ಎಂಬ ಒಂದೇ ಗುಂಪಿಗೆ ಸೇರಿಸುವುದರಿಂದಲೇ ಗೊಂದಲವಾಗಿದೆ.

ಆ ಪೆಟ್ಟಿಗೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದಲ್ಲಿ ಟಿವೊ 1999ರಲ್ಲಿ ಬಂತು. ನಮ್ಮಲ್ಲಿ ಈ ಬಗೆಯ ಯಂತ್ರವನ್ನು ಮನೆಮಾತು ಮಾಡಿದ್ದು 2008ರ ಟಾಟಾ ಸ್ಕೈ ಪ್ಲಸ್. ನಂತರ ಉಳಿದ ಡಿಟಿಎಚ್ ಕಂಪನಿಗಳೂ ತಮ್ಮ ತಮ್ಮ ರೆಕಾರ್ಡರ್‌ಗಳನ್ನು ತಂದವು. ಉಪಗ್ರಹದಿಂದ ಬರುವ ಸಿಗ್ನಲ್ ಮೊದಲೇ ಡಿಜಿಟಲ್ ಆಗಿರುವುದರಿಂದ ಪೆಟ್ಟಿಗೆ ಅದನ್ನು ಇದ್ದಂತೆಯೇ ಡಿಸ್ಕಿಗೆ ಇಳಿಸುತ್ತದೆ. ಚಿತ್ರ ಕೂದಲೆಳೆಯಷ್ಟೂ ಮಂಕಾಗುವುದಿಲ್ಲ. ಧಾರಾವಾಹಿಯ ಹೆಸರನ್ನು ಪರದೆಯ ಪಟ್ಟಿಯಲ್ಲಿ ಆರಿಸಿದರೆ ಸಾಕು. ಓಡುತ್ತಿರುವ ಕಾರ್ಯಕ್ರಮವನ್ನು ನಿಲ್ಲಿಸಿ, ಒಲೆಯ ಮೇಲಿನ ಹಾಲು ಇಳಿಸಿ ಬಂದು, ನಿಂತಲ್ಲಿಂದ ನೋಡಬಹುದು. ಮನೆಯ ಹಿರಿಯರೂ ಎರಡು ದಿನದಲ್ಲಿ ಕಲಿಯುವಷ್ಟು ಸರಳ. ಆದರೆ ಡಿಸ್ಕಿನ ಮೇಲೆ ಕೂತದ್ದು ಗೂಢಲಿಪಿಯಲ್ಲಿರುತ್ತದೆ, ಮತ್ತು ಅದನ್ನು ಬಿಡಿಸುವ ಕೀಲಿ ಆ ಪೆಟ್ಟಿಗೆಗೂ ಅದರ ಕಾರ್ಡಿಗೂ ಮಾತ್ರ ಗೊತ್ತು. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಓದಲು ಏನೂ ಸಿಗದು. ಪೆಟ್ಟಿಗೆ ಕೆಟ್ಟರೆ, ಕಂಪನಿ ಬದಲಿಸಿದರೆ, ವರ್ಷಗಟ್ಟಲೆ ಕೂಡಿಟ್ಟದ್ದು ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತದೆ. ಹಣ ಕೊಟ್ಟು ಡಿಸ್ಕ್ ಕೊಂಡದ್ದು ಮನೆಯವರು. ಅದರೊಳಗಿನ ನೆನಪಿನ ಒಡೆತನ ಅವರದಾಗಲಿಲ್ಲ.

ಟ್ಯೂನರ್ ಕಾರ್ಡಿನ ಬದುಕು ಇದಕ್ಕಿಂತ ಒರಟು. ಕಾರ್ಡಿನ ಸಾಫ್ಟ್‌ವೇರಿಗೆ ಕನ್ನಡ ಚಾನೆಲ್‌ಗಳ ಕಾರ್ಯಕ್ರಮ ಪಟ್ಟಿ ತಾನಾಗಿ ಬರುತ್ತಿರಲಿಲ್ಲ. ಪೇಪರಿನಲ್ಲಿ ಬರುವ ಟೀವಿ ಪಟ್ಟಿ ನೋಡಿ ಹೊತ್ತು ಹಾಕಬೇಕು. ಹಲವು ಕಾರ್ಡುಗಳಲ್ಲಿ ಧ್ವನಿಗೆ ಬೇರೆಯೇ ಒಂದು ಗಿಡ್ಡ ವೈರು. ಅದನ್ನು ಸೌಂಡ್ ಕಾರ್ಡಿಗೆ ಸಿಕ್ಕಿಸಲು ಮರೆತರೆ ಇಡೀ ಯಕ್ಷಗಾನ ಮೂಕವಾಗಿ ರೆಕಾರ್ಡ್ ಆಗುತ್ತಿತ್ತು. ಒಂದು ಗಂಟೆಯ ಕಾರ್ಯಕ್ರಮ ಒಳ್ಳೆಯ ಗುಣಮಟ್ಟದಲ್ಲಿ ಎರಡು ಜಿಬಿಯಷ್ಟು ಜಾಗ ನುಂಗುತ್ತದೆ. ಆ ಕಾಲದ 80 ಜಿಬಿ ಡಿಸ್ಕ್ ನಲವತ್ತು ಗಂಟೆಗೆ ತುಂಬಿ ಹೋಗುತ್ತದೆ, ಆಮೇಲೆ ಡಿವಿಡಿಗೆ ಬರೆದು ಜಾಗ ಮಾಡಿಕೊಳ್ಳಬೇಕು. ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾಗುತ್ತಿದ್ದದ್ದು ಕಂಪ್ಯೂಟರ್ ಮಾನಿಟರನ್ನು ಟೀವಿಯಾಗಿಸುವ ಹೊರಗಿನ ಟ್ಯೂನರ್ ಡಬ್ಬಿ. ಅದರಲ್ಲಿ ಬಹಳಷ್ಟು ರೆಕಾರ್ಡ್ ಮಾಡುತ್ತಲೇ ಇರಲಿಲ್ಲ. ಹೀಗಾಗಿ ನಿಜವಾಗಿ ಕಾರ್ಡ್ ಹಾಕಿಸಿ ರೆಕಾರ್ಡ್ ಮಾಡಿದವರು ಕೆಲವೇ ಮಂದಿ. ಆದರೂ ಅವರು ಹಿಡಿದದ್ದು ಸಾದಾ ಫೈಲು. ಅದನ್ನು ಸಿಡಿಗೆ, ಪೆನ್‌ಡ್ರೈವಿಗೆ, ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು. ಹದಿನೈದು ವರ್ಷದ ನಂತರವೂ ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ತೆರೆದು ನೋಡಬಹುದು.

ಈ ಸೀಮೆಗೆ ಅತಿ ಮುಖ್ಯವಾದ ವ್ಯತ್ಯಾಸ ಇನ್ನೊಂದಿತ್ತು, ಮತ್ತು ಆಗ ಯಂತ್ರಗಳನ್ನು ಹೋಲಿಸಿ ನೋಡಿದವರಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಡಿಟಿಎಚ್ ಪೆಟ್ಟಿಗೆಗೆ ಬರುವುದು ಉಪಗ್ರಹದಿಂದ ಇಳಿಯುವ ಚಾನೆಲ್‌ಗಳು ಮಾತ್ರ. ಊರಿನ ಕೇಬಲ್ಲಿನವರು ತಮ್ಮದೇ ವೈರಿನಲ್ಲಿ ಬಿಡುವ ಸ್ಥಳೀಯ ಚಾನೆಲ್, ಅಂದರೆ ಊರ ಸುದ್ದಿ, ಜಾತ್ರೆಯ ತೇರು, ನಗರಸಭೆಯ ಗದ್ದಲ, ಶಾಲೆಯ ವಾರ್ಷಿಕೋತ್ಸವ, ಅದಕ್ಕೆ ಬರುತ್ತಲೇ ಇರಲಿಲ್ಲ. ಟ್ಯೂನರ್ ಕಾರ್ಡ್‌ಗೆ ಆ ಭೇದವಿಲ್ಲ. ವೈರಿನಲ್ಲಿ ಏನಿದೆಯೋ ಅದೆಲ್ಲ ಅದಕ್ಕೆ ಒಂದೇ. ಅದು ಎಂಥ ಕಾಲ ಎಂದು ನೆನೆಯಬೇಕು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಸಂಡೂರಿನ ಗುಡ್ಡಗಳು ಹಗಲಿರುಳು ಅಗೆತಕ್ಕೆ ಸಿಕ್ಕ ಕಾಲ. ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ, ಬೆಳೆಯ ಎಲೆ ಕೆಂಪಾಗಿತ್ತು, ಮನೆಯ ಮಾಡು ಕೆಂಪಾಗಿತ್ತು. ಹಂಪಿಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಈ ದೊಡ್ಡ ಘಟನೆಗಳು ಬೆಂಗಳೂರು, ದೆಹಲಿಯ ಚಾನೆಲ್‌ಗಳಲ್ಲಿ ಬಂದವು, ಪತ್ರಿಕೆಗಳಲ್ಲಿ ಉಳಿದವು. ಲಾರಿ ಚಾಲಕ, ಅದಿರು ಆರಿಸುವ ಹೆಂಗಸು, ಗದ್ದೆ ಕಳೆದುಕೊಂಡ ರೈತ ಅಂದು ಏನಂದರು ಎಂಬುದನ್ನು ಬಹಳಷ್ಟು ಹಿಡಿದಿರಬಹುದಾದ್ದು ಊರಿನ ಕೇಬಲ್ ಚಾನೆಲ್. ಅದನ್ನು ಹಿಡಿದಿಡುವ ಶಕ್ತಿ ಇದ್ದದ್ದು ಎರಡು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ.

ಇದಕ್ಕೆ ಬರುವ ಬಲವಾದ ಆಕ್ಷೇಪ ದಿನಬಳಕೆಯದು. ಕೆಂಪು ದೂಳು ತುಂಬಿದ ಊರಿನಲ್ಲಿ ಫ್ಯಾನ್ ಗಾಳಿ ಎಳೆದುಕೊಳ್ಳುವ ಕಂಪ್ಯೂಟರ್, ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದಾಗ ಅರ್ಧ ಬರೆದ ಫೈಲು, ವೈರಸ್ ಹೊಕ್ಕರೆ ಎಲ್ಲವೂ ಫಾರ್ಮ್ಯಾಟ್. ಸಂಜೆ ಕೆಲಸ ಮುಗಿಸಿ ಧಾರಾವಾಹಿ ನೋಡಬೇಕೆನ್ನುವ ತಾಯಿಗೆ ಇತಿಹಾಸದ ಹೆಸರು ಹೇಳಿ ಇಷ್ಟು ತೊಡಕಿನ ಯಂತ್ರ ಕೊಡುವುದು ಯಾವ ನ್ಯಾಯ? ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾಳೆ ನೋಡಿ ನಾಡಿದ್ದು ಅಳಿಸುವ ಕಾರ್ಯಕ್ರಮಕ್ಕೆ ಬೇರೆ ಪೆಟ್ಟಿಗೆಯೇ ಸರಿಯಾದ ಯಂತ್ರ. ಅದನ್ನು ಕೊಂಡವರು ತಪ್ಪು ಮಾಡಲಿಲ್ಲ. ಆದರೆ ಹೊತ್ತು ಹೊಂದಿಸಿಕೊಳ್ಳುವುದು ಒಂದು ಕೆಲಸ, ಕಾಪಾಡುವುದು ಮತ್ತೊಂದು ಕೆಲಸ. ಪೆಟ್ಟಿಗೆಯ ಜಾಹೀರಾತು ಎರಡನ್ನೂ ಒಂದೇ ಎಂಬಂತೆ ಮಾರಿತು. ಊರಿಗೆ ನಾಲ್ಕು ಮನೆ, ಒಂದು ಶಾಲೆ, ಒಂದು ಗ್ರಂಥಾಲಯ ಎರಡನೆಯ ಕೆಲಸವನ್ನು ಕೈಗೆತ್ತಿಕೊಂಡಿದ್ದರೆ ಸಾಕಾಗುತ್ತಿತ್ತು; ಎಲ್ಲರೂ ಮಾಡಬೇಕಿರಲಿಲ್ಲ. ಗ್ರೀನ್‌ಲಾ ಒಬ್ಬನೇ ಇದ್ದ.

ಕಂಪ್ಯೂಟರಿನ ಡಿಸ್ಕ್ ಮಾತ್ರ ಶಾಶ್ವತವೇ ಎಂದು ಕೇಳುವವರಿದ್ದಾರೆ. ಅದೂ ಐದಾರು ವರ್ಷಕ್ಕೆ ಕೈಕೊಡಬಹುದು, ಬರೆದ ಡಿವಿಡಿಗಳ ಮೇಲ್ಪದರ ಸೀಮೆಯ ಬಿಸಿಲಿಗೆ ಹಾಳಾಗಬಹುದು. ಹೀಗೆ ಕಳೆದುಹೋದದ್ದು ಬಹಳವಿದೆ. ಆದರೂ ಈ ನಷ್ಟಕ್ಕೂ ಪೆಟ್ಟಿಗೆಯ ನಷ್ಟಕ್ಕೂ ಅಂತರವಿದೆ. ಫೈಲಿನ ಪ್ರತಿ ಮಾಡದೇ ಹೋದದ್ದು ನಮ್ಮ ಆಲಸ್ಯ. ಪೆಟ್ಟಿಗೆಯಲ್ಲಿದ್ದದ್ದರ ಪ್ರತಿ ಮಾಡಲು ಅವಕಾಶವನ್ನೇ ಇಟ್ಟಿರಲಿಲ್ಲ. ಕಾನೂನಿನ ಮಾತೂ ಬರುತ್ತದೆ: ಪ್ರಸಾರ ಮಾಡಿದವರಿಗೆ ಹಕ್ಕಿಲ್ಲವೇ, ಗೂಢಲಿಪಿ ಹಾಕಿದ್ದು ಅದನ್ನು ಕಾಪಾಡಿಕೊಳ್ಳಲು ತಾನೇ? ಅವರ ಹಕ್ಕು ನಿಜ. ಅದನ್ನು ಮಾರುವುದು, ಮರುಪ್ರಸಾರ ಮಾಡುವುದು ತಪ್ಪು. ಆದರೆ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 39ನೆಯ ಕಲಮು ಸ್ವಂತ ಬಳಕೆಗೆ, ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಪ್ರಸಾರದ ಮೇಲಿನ ಹಕ್ಕಿನ ಅವಧಿಯೇ 25 ವರ್ಷ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ಮನೆ ರೆಕಾರ್ಡಿಂಗಿನ ಪರ ನಿಂತಾಗಲೂ ಅಡಿಪಾಯ ಸ್ವಂತ ಬಳಕೆ ತಪ್ಪಲ್ಲ ಎಂಬ ತಿಳುವಳಿಕೆಯೇ ಆಗಿತ್ತು. ಕಾಯ್ದೆ ಕೊಟ್ಟ ಅವಕಾಶವನ್ನು ಯಂತ್ರದ ಬೀಗ ಕಸಿದುಕೊಂಡಿತು, ಮತ್ತು 25 ವರ್ಷ ಕಳೆದ ಮೇಲೂ ಆ ಬೀಗ ತಾನಾಗಿ ಬಿಚ್ಚುವುದಿಲ್ಲ.

ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಈ ಚಿಂತೆ ಏಕೆ ಎಂಬುದು ಇಂದಿನ ಆಕ್ಷೇಪ. ಶ್ಯಾಮ್ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ ಸಿಗುತ್ತದೆ, ‘ಮಾಲ್ಗುಡಿ ಡೇಸ್’ ಸಿಗುತ್ತದೆ. ದೊಡ್ಡದು, ದೇಶಕ್ಕೆಲ್ಲ ಬೇಕಾದದ್ದು ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 19ನೆಯ ಗೇಟು ಕೊಚ್ಚಿಹೋದದ್ದನ್ನೂ, ಹರಿವಿನ ನಡುವೆಯೇ ಸ್ಟಾಪ್‌ಲಾಗ್ ಇಳಿಸಿದ್ದನ್ನೂ ನೂರಾರು ಮೊಬೈಲುಗಳು ಹಿಡಿದವು. ಆದರೆ 1990ರಿಂದ 2010ರವರೆಗಿನ ಈ ಊರುಗಳ ಟೀವಿ ಬದುಕು ಬಹುಪಾಲು ಕೈಕೈಗೂ ಕ್ಯಾಮೆರಾ ಮೊಬೈಲ್ ಬರುವುದಕ್ಕೆ ಮುಂಚಿನದು, ಮತ್ತು ದೊಡ್ಡ ಸಂಸ್ಥೆಗಳ ಕಪಾಟಿಗೆ ತೀರ ಸಣ್ಣದು. ಯೂಟ್ಯೂಬಿನಲ್ಲಿ ಇರುವುದೂ ಹಾಕಿದವರ ಖಾತೆ ಇರುವವರೆಗೆ. ಧಾರಾವಾಹಿ, ಕೇಬಲ್ ಸುದ್ದಿ ಇವೆಲ್ಲ ಕಾಪಾಡುವಷ್ಟು ಬೆಲೆಯುಳ್ಳವೇ ಎಂಬ ಪ್ರಶ್ನೆಗೆ ಪಾಯೆಸ್‌ನ ಬರಹವೇ ಉತ್ತರ. ಇಂದು ವಿದ್ವಾಂಸರು ಅದರಲ್ಲಿ ಹುಡುಕಿ ಓದುವುದು ಅರಸನ ಹೊಗಳಿಕೆಯನ್ನಲ್ಲ. ಪೇಟೆಯಲ್ಲಿ ಏನು ಅಗ್ಗವಾಗಿತ್ತು, ಹೆಂಗಸರು ಏನು ತೊಟ್ಟಿದ್ದರು ಎಂಬ ಸಣ್ಣ ಸಂಗತಿಗಳನ್ನು.

ಕಂಪ್ಯೂಟರಿನ ದಾರಿಯೂ ಬಹುಕಾಲ ತೆರೆದಿರಲಿಲ್ಲ. 2011ರಲ್ಲಿ ಕೇಬಲ್ ಟೀವಿ ಕಾಯ್ದೆಗೆ ತಂದ ತಿದ್ದುಪಡಿ ಕೇಬಲ್ ಪ್ರಸಾರವೂ ಡಿಜಿಟಲ್ ಆಗಿ, ಗೂಢಲಿಪಿಯಲ್ಲೇ ಹೋಗಬೇಕೆಂದು ವಿಧಿಸಿತು. ಹಂತ ಹಂತವಾಗಿ ಜಾರಿಯಾದ ಈ ನಿಯಮದಲ್ಲಿ ಮೂರನೆಯ ಹಂತದ ಊರುಗಳಿಗೆ 2015ರ ಡಿಸೆಂಬರ್ 31 ಗಡುವು. ಅದು ಮುಂದೆ ಹೋಗುತ್ತ ಹೋಗುತ್ತ 2017ರ ವೇಳೆಗೆ ಹಳ್ಳಿಗಳ ಪಾಳಿಯೂ ಬಂತು. ಮನೆ ಮನೆಗೆ ಸೆಟ್‌ಟಾಪ್ ಬಾಕ್ಸ್ ಬಂದ ದಿನ ಟ್ಯೂನರ್ ಕಾರ್ಡ್ ಕುರುಡಾಯಿತು. ಬಾಕ್ಸಿನ ಹಿಂದಿನ ಹಳದಿ, ಕೆಂಪು, ಬಿಳಿ ಕಿಂಡಿಗಳಿಂದ ಚಿತ್ರವನ್ನು ಕಂಪ್ಯೂಟರಿಗೆ ತರಬಹುದಿತ್ತು, ನಿಜ. ಆದರೆ ಅಷ್ಟು ಪಾಡು ಪಡುವವರು ಎಷ್ಟು ಮಂದಿ? ಅಚ್ಚರಿಯೆಂದರೆ ಬಾಗಿಲು ಪೂರ್ತಿ ಮುಚ್ಚದೆ ಉಳಿದದ್ದು ಸರ್ಕಾರದ ಕಡೆಯಿಂದ. 2004ರಲ್ಲಿ ಶುರುವಾದ ದೂರದರ್ಶನದ ಉಚಿತ ಡಿಟಿಎಚ್, ಜನರ ಬಾಯಲ್ಲಿ ‘ಫ್ರೀ ಡಿಶ್’, ಗೂಢಲಿಪಿ ಇಲ್ಲದೆಯೇ ಬಂತು. ಸ್ಯಾಟಲೈಟ್ ಕಾರ್ಡ್ ಹಾಕಿದ ಕಂಪ್ಯೂಟರ್ ಚಂದನ ವಾಹಿನಿಯನ್ನು ಇದ್ದಂತೆಯೇ ಹಿಡಿಯಬಲ್ಲದು. ಅದಕ್ಕಿಂತ ಅಗ್ಗದ ದಾರಿಯೂ ಬಂತು: ಫ್ರೀ ಡಿಶ್‌ಗೆಂದು ಮಾರುವ ಎಷ್ಟೋ ಸಣ್ಣ ಬಾಕ್ಸುಗಳಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ರೆಕಾರ್ಡ್ ಆಗುತ್ತದೆ, ಉದ್ದದ ಕಾರ್ಯಕ್ರಮವಾದರೆ ನಾಲ್ಕು ಜಿಬಿಗೊಮ್ಮೆ ತುಂಡಾಗುತ್ತದೆ, ಮತ್ತು ಅನೇಕ ಬಾಕ್ಸುಗಳ ಆ ಫೈಲು ಯಾವ ಕಂಪ್ಯೂಟರಿನಲ್ಲಾದರೂ ಓಡುತ್ತದೆ. ಇದು ಬೇರೆ ಪೆಟ್ಟಿಗೆಯೇ, ಕಂಪ್ಯೂಟರಲ್ಲ. ಆದರೂ ಆ ನಾಲ್ಕನೆಯ ಅಳತೆಯಲ್ಲಿ ತೇರ್ಗಡೆಯಾಗುತ್ತದೆ. ಹಾಗಾಗಿ ಇಂದು ಯಾರಾದರೂ ಯಾವುದನ್ನು ಕೊಳ್ಳಲಿ ಎಂದು ಕೇಳಿದರೆ, ಅಂಗಡಿಯಲ್ಲೇ ಹತ್ತು ನಿಮಿಷ ರೆಕಾರ್ಡ್ ಮಾಡಿಸಿ, ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ ಎನ್ನುವುದು ನನ್ನ ಉತ್ತರ.

ಮುಂದಿನದಕ್ಕಿಂತ ಹಿಂದಿನದು ಹೆಚ್ಚು ತುರ್ತಿನದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯಿ, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಎರಡೂ ಜಿಲ್ಲೆಗಳಿಗೆ ಹತ್ತಿರವಾದ ಕನ್ನಡ ವಿಶ್ವವಿದ್ಯಾಲಯ ಹಂಪಿಯಲ್ಲಿದೆ, ಈರಮ್ಮನ ಹಾಡನ್ನು ಟೇಪಿನಿಂದ ಪುಸ್ತಕಕ್ಕೆ ತಂದ ಅನುಭವ ಅದಕ್ಕಿದೆ. ಹಳೆಯ ಸ್ಟುಡಿಯೊಗಳ, ಕೇಬಲ್ಲಿನವರ, ಮನೆಗಳ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತಿರುವ ಕ್ಯಾಸೆಟ್‌ಗಳನ್ನು ಕೂಡಿಸುವ ಕೆಲಸ ಅಲ್ಲಿಂದ ಶುರುವಾಗಬಹುದು. ಓಡುವ ವಿಸಿಆರ್ ಒಂದು, ಅದರ ಹೆಡ್ ಒರೆಸಲು ಸ್ಪಿರಿಟ್, ಹಳದಿ–ಕೆಂಪು–ಬಿಳಿ ವೈರಿನ ಕ್ಯಾಪ್ಚರ್ ಡಬ್ಬಿ, ಒಂದು ಸಾಧಾರಣ ಕಂಪ್ಯೂಟರ್ ಇದ್ದರೆ ಸಾಕು. ಬಿಳಿ ಬೂಸ್ಟು ಕಂಡ ಕ್ಯಾಸೆಟ್ಟನ್ನು ಒಳ್ಳೆಯ ಯಂತ್ರಕ್ಕೆ ನೇರ ಹಾಕಬಾರದು. ಬೂಸ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಪ್ರತಿ ಫೈಲಿನ ಹೆಸರಿನಲ್ಲಿ ತಾರೀಖು, ಚಾನೆಲ್, ಊರು, ಕಾಣುವವರು ಯಾರು ಎಂಬುದು ಇರಬೇಕು. ಗ್ರೀನ್‌ಲಾನ ಕಲ್ಲಿನ ಮಂಟಪಗಳನ್ನು ಹೆಸರಿಲ್ಲದೆಯೂ ಗುರುತಿಸಬಹುದಾಗಿತ್ತು. ಕಂಪ್ಲಿಯ ಸಂತೆಯಲ್ಲಿ ಕ್ಯಾಮೆರಾ ಮುಂದೆ ನಿಂತ ರೈತನ ಮುಖವನ್ನು ಗುರುತಿಸಿ ಹೆಸರು ಹೇಳಬಲ್ಲವರು ಇನ್ನೂ ಇಪ್ಪತ್ತು ವರ್ಷ ಇರಬಹುದು, ಆಮೇಲೆ ಇರುವುದಿಲ್ಲ.